ಒಂದೂವರೆ ಇಂಚಿನ ಅಜ್ಜಿ

ಫ್ರೇಮ್ ಮಾಮನ ಅಂಗಡಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಫ್ರೇಮಲ್ಲ, ಒಂದು ಬೋರ್ಡು. ‘ಇಲ್ಲಿ ಯಾವ ಚಿತ್ರವನ್ನೂ ಕತ್ತರಿಸುವುದಿಲ್ಲ. ಒತ್ತಾಯ ಮಾಡಬೇಡಿ.’

ಒತ್ತಾಯ ಮಾಡುವವರು ಬಂದೇ ಬರುತ್ತಾರೆ. ಮದುವೆ ಫೋಟೋದ ಅಂಚಿನಲ್ಲಿ ಹಲ್ಲು ಕಿರಿಯುತ್ತ ನಿಂತಿರುವ ಷಡ್ಡಕನೊಡನೆ ಈಗ ಮಾತು ಬಿಟ್ಟಿರುತ್ತದೆ. ಅವನನ್ನು ಅಷ್ಟು ತೆಗೆದುಬಿಡಿ ಎನ್ನುತ್ತಾರೆ. ಮಾಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, “ಷಡ್ಡಕನ ಜೊತೆ ರಾಜಿ ನೀವೇ ಮಾಡ್ಕೊಳ್ಳಿ ಸ್ವಾಮಿ. ಬೇಕಾದ್ರೆ ಫ್ರೇಮ್ ದೊಡ್ಡದು ಮಾಡಿಕೊಡ್ತೀನಿ” ಎನ್ನುತ್ತಾನೆ. ಬೀದಿಯವರಿಗೆಲ್ಲ ಇದರ ಬಗ್ಗೆ ಭಾರಿ ಗೌರವ. “ತತ್ವ ಅಂದ್ರೆ ಅದು ನೋಡಿ” ಎಂದು ಪಕ್ಕದ ಗಡಿಯಾರ ರಿಪೇರಿಯವನು ತನ್ನ ಗಿರಾಕಿಗಳಿಗೂ ಹೇಳುತ್ತಿದ್ದ. ಮಾಮ ಆ ಹೊಗಳಿಕೆಯನ್ನು ಬೇಡ ಅನ್ನದೆ, ಬೇಕು ಅನ್ನದೆ, ಕಿವಿ ಕೆಂಪು ಮಾಡಿಕೊಂಡು ಕೇಳಿಸಿಕೊಳ್ಳುತ್ತಿದ್ದ. ವಿನಯ ಎಂದುಕೊಂಡರು ಜನ. ಐವತ್ತೆಂಟು ವರ್ಷದ ಮನುಷ್ಯನ ಕಿವಿ ಸುಮ್ಮನೆ ಕೆಂಪಾಗುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಅದು ತತ್ವವಾಗಿರಲಿಲ್ಲ. ಒಂದು ಸಲ ಕದ್ದವನು ತನ್ನ ಮನೆಗೇ ಹಾಕಿಕೊಂಡ ಬೀಗದಂಥದ್ದು.

ಆ ಬೀಗ ಅಲ್ಲಾಡಲು ಶುರುವಾದದ್ದು ಅಕ್ಕನ ಮಗಳು ಪುಟ್ಟಿ ಸಾಮಾನಿನ ಗಾಡಿಯಲ್ಲಿ ಹದಿನೆಂಟು ಚಿತ್ರಗಳನ್ನು ಹೇರಿಕೊಂಡು ಬಂದ ದಿನ. ಪುಟ್ಟಿಗೆ ಮೂವತ್ತಮೂರು, ತಲೆಯಲ್ಲಿ ಎರಡು ಬಿಳಿ ಕೂದಲೂ ಬಂದಿವೆ. ಆದರೂ ಮಾಮನಿಗೆ ಪುಟ್ಟಿಯೇ. ಮೂರು ವರ್ಷದ ಹಿಂದೆ ವಿಮೆ ಕಚೇರಿಯ ಗಟ್ಟಿ ಕೆಲಸ ಬಿಟ್ಟು, ಮನೆಯವರೆಲ್ಲ ತಲೆ ಮೇಲೆ ಕೈ ಹೊತ್ತರೂ, ಬಣ್ಣ ಕುಂಚ ಎಂದು ಕೂತಿದ್ದಳು. ಈಗ ಅವಳೊಬ್ಬಳದೇ ಪ್ರದರ್ಶನ. ಎಂಟು ದಿನ.

“ಮಾಮ, ಮೂರು ವಾರ ಇದೆ. ಹದಿನೆಂಟಕ್ಕೂ ನಿನ್ನ ಕೈಯದೇ ಫ್ರೇಮ್ ಆಗ್ಬೇಕು. ಬೇರೆಯವರು ಮುಟ್ಟಕೂಡ್ದು.”

“ಆಗ್ಲಿ ಮಾರಾಯ್ತಿ, ಮೊದ್ಲು ತೋರಿಸು. ಏನು ಬರ್ದಿದ್ದೀಯ? ಹೋದ ಸಲದ ಹಾಗೆ ಬರೀ ಚೌಕ, ಬರೀ ಗೆರೆ ಅಲ್ಲ ತಾನೇ? ಅದನ್ನ ತಲೆಕೆಳಗು ಕಟ್ಟಿಕೊಟ್ಟು ನಿನ್ನ ಹತ್ರ ಬೈಸ್ಕೊಂಡಿದ್ದೆ.”

“ಈ ಸಲ ತಲೆ ಯಾವುದು ಕಾಲು ಯಾವುದು ನಿಂಗೆ ಚೆನ್ನಾಗಿ ಗೊತ್ತಾಗುತ್ತೆ. ನಿನ್ನದೇ ಕಥೆ.”

ಅವಳು ಬಟ್ಟೆ ಸರಿಸಿದಳು. ಮೊದಲ ಚಿತ್ರದಲ್ಲಿ ಹಳೆ ಕಾಲದ ಫೋಟೋ ಸ್ಟುಡಿಯೋ. ಮೂರು ಕಾಲಿನ ಕ್ಯಾಮೆರಾ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಫೋಟೋದವನು. ಎದುರಿಗೆ ಕುರ್ಚಿಯ ಮೇಲೆ ಮೀಸೆಯ ಯಜಮಾನ, ಅವನ ತೊಡೆಯ ಮೇಲೆ ಪುಟ್ಟ ಹುಡುಗಿ, ಎಡಗಡೆ ಒಬ್ಬ ಹುಡುಗ. ಬಲಗಡೆ ಯಾರೂ ಇಲ್ಲ. ಕುರ್ಚಿಯ ಬೆನ್ನಿನ ಮೇಲೆ ಮಾತ್ರ ಒಂದು ಕೈ, ಎರಡು ಬಳೆ. ಬಾಗಿಲಿನಾಚೆ ದಾಟುತ್ತಿರುವ ಒಬ್ಬ ಹೆಂಗಸಿನ ಬೆನ್ನು.

ಎರಡನೆಯದರಲ್ಲಿ ಅದೇ ಬೆನ್ನು ಬೀದಿಯಲ್ಲಿ; ಸುತ್ತಲಿನ ಜನವೆಲ್ಲ ಫೋಟೋಕ್ಕೆ ನಿಂತವರಂತೆ ಸೆಟೆದಿದ್ದಾರೆ, ನಡೆಯುತ್ತಿರುವವಳು ಅವಳೊಬ್ಬಳೇ. ಮೂರನೆಯದರಲ್ಲಿ ರೈಲಿನ ಮೆಟ್ಟಿಲ ಮೇಲೆ. ಹೀಗೇ ಹಡಗು, ಗುಡ್ಡ, ಗೋದಾಮು. ಹದಿನೆಂಟಕ್ಕೆ ಹದಿನೆಂಟೂ ಬೆನ್ನು.

“ಮುತ್ತಜ್ಜಿ ಮುಖ ಗೊತ್ತಿಲ್ವಲ್ಲ ಮಾಮ. ಸುಳ್ಳು ಮುಖ ಬರೆಯೋಕೆ ಮನಸ್ಸು ಬರ್ಲಿಲ್ಲ” ಎಂದಳು ಪುಟ್ಟಿ. “ಪ್ರದರ್ಶನದ ಹೆಸರು ಕೇಳು: ‘ಹತ್ತು ಎಣಿಸುವ ಮೊದಲು’.”

ಮಾಮ ಕೈಲಿದ್ದ ಅಳತೆಪಟ್ಟಿಯಿಂದ ಬೆನ್ನು ಕೆರೆದುಕೊಂಡ. ಬೆವರು ಅಲ್ಲಿಂದಲೇ ಶುರುವಾಗಿತ್ತು.

“ಇನ್ನೊಂದು ಕೆಲಸ. ನಮ್ಮನೆ ಹಳೇ ಫೋಟೋ ಇದೆಯಲ್ಲ, ಆ ಕೈ ಇರೋದು, ಅದನ್ನ ಬಾಗಿಲಲ್ಲೇ ಹಾಕ್ತೀನಿ. ಹಳೇ ಫ್ರೇಮ್ ಬಿಚ್ಚಿ ಹೊಸದು ಹಾಕು. ಇಲ್ಲಾಂದ್ರೆ ಹೇಳು, ಗ್ಯಾಲರಿಯವರೇ ಬಿಚ್ಚಿಸ್ತಾರೆ.”

“ಬೇಡ, ಬೇಡ, ಬೇಡ!” ಎಂದ ಮಾಮ. ಮೂರು ಸಲ ಅನ್ನುವ ಅಗತ್ಯ ಇರಲಿಲ್ಲ. “ನಾನೇ ಬಿಚ್ತೀನಿ.”

ಆ ಫ್ರೇಮ್ ಮಾಮನ ಬದುಕಿನ ಮೊದಲ ಫ್ರೇಮು. ಆಗ ಅವನಿಗೆ ಹತ್ತೊಂಬತ್ತು, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಸೋದರಮಾವನ ಪೆಟ್ಟಿಗೆಯ ತಳದಿಂದ ಒಂದು ಫೋಟೋ ಸಿಕ್ಕಿ ಅಮ್ಮನ ಕೈಗೆ ಬಂದಿತ್ತು. ಅಜ್ಜ ಕುರ್ಚಿಯಲ್ಲಿ, ನಾಲ್ಕು ವರ್ಷದ ಅಮ್ಮ ಅವನ ತೊಡೆಯ ಮೇಲೆ, ಎಡಕ್ಕೆ ಹುಡುಗನಾಗಿದ್ದ ಸೋದರಮಾವ, ಬಲತುದಿಯಲ್ಲಿ ಕುರ್ಚಿಯ ಮೇಲೆ ಕೈಯಿಟ್ಟು ನಿಂತ ಅಜ್ಜಿ. ಆ ಫೋಟೋ ತೆಗೆಸಿದ ಮರುವರ್ಷವೇ ಅಜ್ಜಿ ತೀರಿಕೊಂಡಿದ್ದಳು. ಅಮ್ಮನಿಗೆ ತಾಯಿಯ ಮುಖ ನೆನಪಿರಲಿಲ್ಲ. ನಲವತ್ತು ವರ್ಷದ ಮೇಲೆ ಮೊದಲ ಸಲ ನೋಡಿದ್ದಳು. ಅದನ್ನೂ ಸರಿಯಾಗಿ ನೋಡಲು ಬಿಡದೆ, “ತಾ ಅಮ್ಮ, ನಾನೇ ಫ್ರೇಮ್ ಹಾಕಿ ತರ್ತೀನಿ” ಎಂದು ಮಗರಾಯ ಕಿತ್ತುಕೊಂಡು ಹೋದ.

ಅಂಗಡಿಯಲ್ಲಿ ಮೇಸ್ತ್ರಿ ಇಲ್ಲದ ಹೊತ್ತು ನೋಡಿ, ಒಳ್ಳೆ ಮರದ ಪಟ್ಟಿ ಆರಿಸಿ, ಕೊಯ್ದು, ಅಂಟು ಹಾಕಿ, ಮೊಳೆ ಹೊಡೆದ. ಮೂಲೆಗಳು ಕೂತದ್ದು ನೋಡಿ ಅವನ ಎದೆ ಎರಡಂಗುಲ ಉಬ್ಬಿತು. ಉಬ್ಬಿದ್ದು ಎದೆ, ಕುಗ್ಗಿದ್ದು ಫ್ರೇಮು. ಫೋಟೋದ ಅಳತೆಯನ್ನು ಚೌಕಟ್ಟಿನ ಒಳಗಂಚಿಗೆ ಹಿಡಿಯಬೇಕು. ಈ ಮಹಾಶಯ ಹೊರಗಂಚಿಗೆ ಹಿಡಿದಿದ್ದ. ಈ ಕಡೆ ಮುಕ್ಕಾಲು ಇಂಚು ಮರ, ಆ ಕಡೆ ಮುಕ್ಕಾಲು ಇಂಚು ಮರ; ಫೋಟೋ ಒಂದೂವರೆ ಇಂಚು ಹೊರಗೆ ಉಳಿಯಿತು.

“ಚಿತ್ರ ದೊಡ್ಡದಾಯ್ತೋ, ಫ್ರೇಮ್ ಬದಲಾಯಿಸು. ಫ್ರೇಮ್ ಯಾವತ್ತೂ ಮತ್ತೆ ಸಿಗುತ್ತೆ ಕಣೋ” ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿದ್ದ. ಆದರೆ ಮತ್ತೆ ಮಾಡುವುದೆಂದರೆ ಕೇಳದೆ ತೆಗೆದ ಪಟ್ಟಿ ಹಾಳಾಯಿತೆಂದು ಒಪ್ಪಿಕೊಳ್ಳಬೇಕು, ಎಲ್ಲರೆದುರು ನಗೆಪಾಟಲಾಗಬೇಕು. ಮೇಲೆ ಕೆಳಗೆ ಬರೀ ಪರದೆ, ಬರೀ ನೆಲ. ಅದನ್ನು ಕತ್ತರಿಸಿದರೆ ನಷ್ಟವಿಲ್ಲ. ಅಗಲದ ಒಂದೂವರೆ ಇಂಚು ಎಲ್ಲಿಂದ? ಎಡತುದಿಯಲ್ಲಿ ಸೋದರಮಾವ. ಅವನಿನ್ನೂ ಗುಂಡುಕಲ್ಲಿನ ಹಾಗಿದ್ದಾನೆ, ತಿಂಗಳಿಗೊಮ್ಮೆ ಮನೆಗೆ ಬರುತ್ತಾನೆ, ತಾನೆಲ್ಲಿ ಎಂದು ಕೇಳುತ್ತಾನೆ. ಬಲತುದಿಯಲ್ಲಿ ನಿಂತವಳು ಸತ್ತು ನಲವತ್ತು ವರ್ಷ. ಅವಳು ಬಂದು ಕೇಳುವುದಿಲ್ಲ.

ಕೇಳುವವರಿಲ್ಲದ ಕಡೆಗೆ ಪಟ್ಟಿ ಇಟ್ಟು ಕೊಯ್ದ. ಕುರ್ಚಿಯ ಮೇಲಿನ ಕೈ ಮಾತ್ರ ಈಚೆಗೆ ಉಳಿಯಿತು.

ಕೊಯ್ದ ತುಂಡನ್ನು ಎಸೆಯಲು ಕೈ ಬರಲಿಲ್ಲ. ಫ್ರೇಮಿನ ಹಿಂದೆ ಸಂದಿ ಇದ್ದರೆ ರಟ್ಟಿನ ಚೂರು ತುರುಕಿ ಬಿಗಿ ಮಾಡುವುದು ವಾಡಿಕೆ. ಅಜ್ಜಿಯನ್ನು ಅಲ್ಲಿ ತುರುಕಿ, ಕಂದು ಕಾಗದ ಅಂಟಿಸಿ ಮುಚ್ಚಿದ. “ತೇವಕ್ಕೆ ಅಂಚು ಕೊಳೆತಿತ್ತಮ್ಮ, ಮುಟ್ಟಿದ್ರೆ ಪುಡಿಪುಡಿ” ಎಂದು ಮನೆಯಲ್ಲಿ ಹೇಳಿದ.

ಅಮ್ಮ ಬೈದಿದ್ದರೆ ಅಂದೇ ಬಾಯಿಬಿಡುತ್ತಿದ್ದನೇನೋ. ಅವಳು “ಹೋಗ್ಲಿ ಬಿಡು. ಕೈಯಾದ್ರೂ ಉಳಿಸಿದೆಯಲ್ಲೋ” ಎಂದಳು. ಆಮೇಲೆ ಬಂದವರಿಗೆಲ್ಲ ಅದೇ ಮಾತು: “ನನ್ನ ಮಗ ಫ್ರೇಮ್ ಕೆಲಸದವನಾಗದೆ ಇದ್ದಿದ್ರೆ ನಮ್ಮಮ್ಮನ ಕೈಯೂ ಉಳೀತಿರ್ಲಿಲ್ಲ.” ಮಗ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದ. ಆ ಮನೆಯಲ್ಲಿ ಅವನು ಕುಡಿದಷ್ಟು ನೀರು ಯಾರೂ ಕುಡಿದಿಲ್ಲ.

ಫೋಟೋದ ಧೂಳು ಒರೆಸುವಾಗ ಅಮ್ಮ ಆ ಕೈಯ ಮೇಲೆ ಬೆರಳಿಟ್ಟು ತುಸು ನಿಲ್ಲುತ್ತಿದ್ದಳು. ಬೆರಳಿಗೂ ಮುಖಕ್ಕೂ ನಡುವೆ ಒಂದು ಗಾಜು, ಒಂದು ರಟ್ಟು. ಒಂದು ಕಾಗದ ಹರಿದರೆ ಸಾಕಿತ್ತು. ಇವತ್ತು ಬೇಡ, ಅಮ್ಮನಿಗೆ ತಲೆನೋವು. ಈ ವಾರ ಬೇಡ, ಅಕ್ಕ ಬಂದಿದ್ದಾಳೆ. ಈ ವರ್ಷ ಬೇಡ, ಈಗತಾನೆ ಸ್ವಂತ ಅಂಗಡಿ ತೆರೆದಿದ್ದೇನೆ, ಹೆಸರು ಕೆಡುತ್ತದೆ. ಹೀಗೆ ಹದಿನೇಳು ವರ್ಷ ಮುಂದೂಡಿದ. ಹದಿನೆಂಟನೆಯ ವರ್ಷ ಅಮ್ಮನೇ ಉಳಿಯಲಿಲ್ಲ.

ಅಮ್ಮನ ಕೋಣೆ ಖಾಲಿ ಮಾಡುವ ದಿನ ಹನ್ನೊಂದು ವರ್ಷದ ಪುಟ್ಟಿ ಬಿಕ್ಕುತ್ತ ಕೇಳಿದಳು, “ಈ ಕೈ ಯಾರ್ದು ಮಾಮ?”

ಆ ಗಳಿಗೆಯಲ್ಲಿ ಅವನ ಬಾಯಿಗೆ ಯಾವ ದೇವತೆ ಬಂದು ಕೂತಳೋ. “ಅದು ನಿನ್ನ ಮುತ್ತಜ್ಜಿದು. ಫೋಟೋದವನು ಹತ್ತು ಎಣಿಸೋತನಕ ಯಾರೂ ಅಲ್ಲಾಡ್ಬೇಡಿ ಅಂದ. ಅವಳಿಗೆ ಯಾರಾದ್ರೂ ಹೀಗೆ ಮಾಡು ಅಂದ್ರೆ ಆಗ್ತಿರ್ಲಿಲ್ಲ. ಏಳು ಅನ್ನೋ ಹೊತ್ತಿಗೆ ಹೊರಟೇಬಿಟ್ಟಳು. ಕೈ ಹೊರಡೋದು ಸ್ವಲ್ಪ ತಡವಾಯ್ತು, ಅಷ್ಟೇ ಸಿಕ್ಕಿದ್ದು!”

ಮಗು ಅಳು ನಿಲ್ಲಿಸಿ ನಕ್ಕಿತು. ತೇವದ ಕಥೆ ಗೊತ್ತಿದ್ದ ಅಕ್ಕ, ಹೋಗಲಿ, ಮಗು ನಕ್ಕಿತಲ್ಲ ಎಂದು ಸುಮ್ಮನಾದಳು. ಕೇಳುವವರು ನಕ್ಕರೆ ಕಥೆ ಹೇಳುವವನಿಗೆ ಲಗಾಮು ಎಲ್ಲಿ? ಮುಂದಿನ ಸಲ ಅಜ್ಜಿ ರೈಲು ಹತ್ತಿದಳು, ಅದರ ಮುಂದಿನ ಸಲ ಹಡಗು. ಈ ಚಟದ ವಿಷಯದಲ್ಲಿ ಕಥೆ ಬರೆಯುವವರು ಯಾರೂ ಅವನಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ.

ಪುಟ್ಟಿ ಹೋದ ಮರುದಿನ ಮಧ್ಯಾಹ್ನ ಮಾಮ ಅಂಗಡಿಯ ಷಟರ್ ಅರ್ಧ ಎಳೆದು ಹಳೆ ಫ್ರೇಮನ್ನು ಮೇಜಿನ ಮೇಲೆ ಬೋರಲು ಹಾಕಿದ. ಕಂದು ಕಾಗದ ಒಣಗಿ ಚಕ್ಕೆ ಏಳುತ್ತಿತ್ತು. ಬ್ಲೇಡು ತಾಗಿಸಿದ್ದೇ ತಡ, ಕಾದಿದ್ದವಳಂತೆ ತುಂಡು ತಾನೇ ಜಾರಿ ಹೊರಗೆ ಬಿತ್ತು.

ಮೂವತ್ತೊಂಬತ್ತು ವರ್ಷದ ಮೇಲೆ ಅಜ್ಜಿಯನ್ನು ನೋಡಿದ. ಎಲ್ಲಿಗೂ ಹೊರಟವಳ ಮುಖವಲ್ಲ ಅದು. ಫೋಟೋದವನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿರುವ ಮುಖ. ರೆಪ್ಪೆ ಸಹ ಬಡಿದಿಲ್ಲ. ಅಜ್ಜ ಒಂದಿಷ್ಟು ಅಲ್ಲಾಡಿ ಮೀಸೆ ಮಸುಕಾಗಿದೆ, ಅಮ್ಮನ ಒಂದು ಕಾಲು ಎರಡಾಗಿದೆ. ಹತ್ತರವರೆಗೂ ಕಲ್ಲಿನಂತೆ ನಿಂತವಳು ಅಜ್ಜಿಯೊಬ್ಬಳೇ. ಗಲ್ಲದಲ್ಲಿ ಗುಳಿ. ಅಮ್ಮನ ಗಲ್ಲದಲ್ಲಿ ಇದ್ದಂಥದ್ದೇ. ಅದು ಎಲ್ಲಿಂದ ಬಂತೆಂದು ಅಮ್ಮನಿಗೆ ಕೊನೆಗೂ ಗೊತ್ತಾಗಲಿಲ್ಲ.

ಕಸದ ಬುಟ್ಟಿ ಕಾಲ ಬುಡದಲ್ಲೇ ಇತ್ತು. ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಮಾಮ ಬುಟ್ಟಿಯ ಕಡೆ ನೋಡಿದ್ದು ನಿಜ. ಆ ನೋಟಕ್ಕಾಗಿ ಅವನು ಆಮೇಲೆ ನಾಚಿದಷ್ಟು ಕೊಯ್ದದ್ದಕ್ಕೂ ನಾಚಿರಲಿಲ್ಲ. ತುಂಡನ್ನು ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕಿದ.

ಮೂರು ವಾರದಲ್ಲಿ ಮೂರು ಸಲ ಹೇಳಲು ಹೊರಟ. ಒಂದು ಸಲ “ಪುಟ್ಟಿ, ಆ ಕಥೆ…” ಎಂದ, ಅವಳು “ಆ ಕಥೆ ಇಲ್ದಿದ್ರೆ ನಾನಿನ್ನೂ ವಿಮೆ ಕಚೇರೀಲಿ ಸಹಿ ಹಾಕ್ತಾ ಕೂತಿರ್ತಿದ್ದೆ ಮಾಮ. ರಾಜೀನಾಮೆ ಕೊಟ್ಟ ದಿನ ಒಂದರಿಂದ ಏಳರವರೆಗೆ ಎಣಿಸಿ ಎದ್ದೆ” ಎಂದಳು. ಮಾಮ ಫೆವಿಕಾಲ್ ಡಬ್ಬಿ ಹುಡುಕತೊಡಗಿದ. ಇನ್ನೆರಡು ಸಲ ಅಷ್ಟೂ ಆಗಲಿಲ್ಲ. ಫ್ರೇಮುಗಳು ಮಾತ್ರ ಅವನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬಂದವು. ಹದಿನೆಂಟು ಸುಳ್ಳಿಗೆ ಕೂದಲೆಳೆಯ ಸಂದಿಯೂ ಇಲ್ಲದ ಮೂಲೆ.

ಪ್ರದರ್ಶನದ ಸಂಜೆ ಬಂತು. ಬಿಳಿ ಗೋಡೆಯ ಉದ್ದನೆಯ ಗ್ಯಾಲರಿ, ಹಣ್ಣಿನ ರಸದ ಲೋಟ ಹಿಡಿದು ತಲೆ ಓರೆ ಮಾಡುವ ಜನ. ಬಾಗಿಲಲ್ಲಿ ಹಳೆ ಫೋಟೋದ ಮುಂದೆ ಒಬ್ಬ ಗಡ್ಡದ ವಿಮರ್ಶಕರು ನಿಂತು ಸುತ್ತಲಿನವರಿಗೆ ಹೇಳುತ್ತಿದ್ದರು: “ಈ ಅಂಚು ಗಮನಿಸಿ. ಎಷ್ಟು ನೇರ! ಅವಳ ನಿರಾಕರಣೆ ಎಷ್ಟು ಖಚಿತ ಅಂದ್ರೆ, ಚಿತ್ರವೇ ಅಲ್ಲಿಗೆ ನಿಂತುಬಿಟ್ಟಿದೆ.” ಅದು ಹನ್ನೆರಡು ಇಂಚಿನ ಉಕ್ಕಿನ ಪಟ್ಟಿಯ ಕೆಲಸ ಎಂದು ಹೇಳಬಲ್ಲವನು ಪಕ್ಕದಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

ಅಕ್ಕ ಬಂದು ಅವನ ಮೊಣಕೈ ಹಿಡಿದಳು. ಮಂಡಿ ನೋವು, ಆತುಕೊಳ್ಳಲು ಗೋಡೆಗಿಂತ ತಮ್ಮ ವಾಸಿ. ಚಿತ್ರಗಳನ್ನೆಲ್ಲ ಸುತ್ತಿ ನೋಡಿ ಬಂದಿದ್ದಳು.

“ಚೆನ್ನಾಗಿವೆ. ಆದ್ರೆ ಎಲ್ಲಾ ಬೆನ್ನೇ ಕಣೋ” ಎಂದು ದನಿ ತಗ್ಗಿಸಿದಳು. “ಏಳಕ್ಕೆ ಹೋದ್ಲು, ಹಡಗು ಹತ್ತಿದ್ಲು ಅನ್ನೋದೆಲ್ಲ ಮಗೂಗೆ ನೀನು ಹೇಳಿದ್ದು, ಇರ್ಲಿ. ತೇವಕ್ಕೆ ಪುಡಿಯಾಗೋ ಮುಂಚೆ ಅದನ್ನ ನೋಡಿದೋರಲ್ಲಿ ಈಗ ಬದುಕಿರೋನು ನೀನೊಬ್ಬನೇ. ಒಂದು ಸಲ ನಿಜ ಹೇಳು. ಅಜ್ಜಿ ಮುಖ ಹೇಗಿತ್ತೋ? ನನಗೂ ಎಪ್ಪತ್ತು ಹತ್ತಿರ ಬಂತು.”

ಮಾಮ ಉತ್ತರಿಸುವ ಮೊದಲೇ ಮೈಕಿನಲ್ಲಿ ಪುಟ್ಟಿಯ ದನಿ. “ಈ ಪ್ರದರ್ಶನಕ್ಕೆ ಮೂಲ ನಮ್ಮ ಮಾಮ. ನಮ್ಮ ಮನೆಯ ನೆನಪೆಲ್ಲ ಅವನ ಬಾಯಲ್ಲಿದೆ. ಆ ಕಥೇನ ಅವನೇ ಹೇಳ್ಬೇಕು. ಬಾ ಮಾಮ!”

ಚಪ್ಪಾಳೆ. ಯಾರೋ ಬೆನ್ನು ತಟ್ಟಿ ಮುಂದೆ ದಬ್ಬಿದರು. ಮಾಮ ಮೈಕು ಹಿಡಿದು, “ಫೋಟೋದವನು ಹತ್ತು ಎಣಿಸೋತನಕ ಅಲ್ಲಾಡ್ಬೇಡಿ ಅಂದ…” ಎಂದು ಶುರುಮಾಡಿದ. ಬಾಯಿಗೆ ಪಾಠವಾದ ದಾರಿ. ಎದುರಿಗೆ ಅಕ್ಕ ಒಂದು ಕೈ ಕಿವಿಯ ಹಿಂದೆ ಇಟ್ಟು ಕೇಳುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಕಥೆಗಲ್ಲ.

“…ಅಜ್ಜಿ ಅಲ್ಲಾಡಲಿಲ್ಲ” ಎಂದ ಮಾಮ.

ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ.

“ಎಲ್ಲಿಗೂ ಹೋಗ್ಲಿಲ್ಲ. ಅಲ್ಲೇ ನಿಂತಿದ್ಲು. ಕೊಯ್ದಿದ್ದು ನಾನು. ಫ್ರೇಮಿನ ಅಳತೆ ತಪ್ಪಿತ್ತು, ಒಂದೂವರೆ ಇಂಚು. ಬೈಸಿಕೊಳ್ಳೋಕೆ ಹೆದರಿ ಕೊಯ್ದೆ. ತೇವ ಅಂತ ಅಮ್ಮಂಗೆ ಸುಳ್ಳು ಹೇಳ್ದೆ. ಆಮೇಲೆ ಮಗೂಗೆ ಇನ್ನೊಂದು ಸುಳ್ಳು. ಇದೆಲ್ಲ… ಹದಿನೆಂಟೂ… ನನ್ನ ಸುಳ್ಳು.”

ಮರುಗಳಿಗೆ ಚಪ್ಪಾಳೆಯೋ ಚಪ್ಪಾಳೆ. ಗಡ್ಡದ ವಿಮರ್ಶಕರು ಲೋಟ ಕೆಳಗಿಟ್ಟು ಎರಡೂ ಕೈಯಲ್ಲಿ ಬಡಿದರು. “ಅದ್ಭುತ! ಕಥೆಯೊಳಗೆ ಕಥೆ! ಕೊಯ್ದವನೇ ಹೇಳುವ ಹಾಗೆ ಕಟ್ಟಿದ್ದಾರಲ್ಲ!” ಮಾಮನಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಜನ್ಮದಲ್ಲಿ ಒಮ್ಮೆ ನಿಜ ಹೇಳಿದರೆ ಅದಕ್ಕೂ ಹೊಗಳಿಕೆ! ಇಷ್ಟು ವರ್ಷ ಕಥೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆ ಶಿಕ್ಷೆ ಯಾರೂ ಯೋಚಿಸಿರಲಾರರು.

ಚಪ್ಪಾಳೆ ತಟ್ಟದವರು ಇಬ್ಬರೇ. ಅವನು ಮೈಕು ಇಟ್ಟು ಅಕ್ಕನ ಮುಂದೆ ಬಂದು ಜೇಬಿನ ಗುಂಡಿ ಬಿಚ್ಚಿದ. ಅಕ್ಕ ತುಂಡನ್ನು ಬೆಳಕಿಗೆ ಹಿಡಿದಳು. ಕನ್ನಡಕ ಸರಿಮಾಡಿಕೊಂಡಳು. ಅವಳ ಹೆಬ್ಬೆರಳು ಅಜ್ಜಿಯ ಗಲ್ಲದ ಮೇಲೆ ಹೋಗಿ ನಿಂತಿತು.

“ಇದು ಎಲ್ಲಿತ್ತೋ?”

“ಫ್ರೇಮಿನ ಹಿಂದೆ.”

“ಯಾವ ಫ್ರೇಮು? ಅಮ್ಮ ದಿನಾ ಒರೆಸ್ತಿದ್ಲಲ್ಲ, ಅದರ ಹಿಂದೇನಾ?”

ಮಾಮ ತಲೆಯಾಡಿಸಿದ. ಅಕ್ಕ ಈ ಸಲ ಅವನ ಮೊಣಕೈ ಹಿಡಿಯಲಿಲ್ಲ. ಮಂಡಿ ನೋವಿಗೆ ಗೋಡೆಗೇ ಆತುಕೊಂಡಳು. “ಪುಡಿಯಾಯ್ತು ಅಂದೆಯಲ್ಲೋ” ಎಂದಳು, ಅಷ್ಟೇ.

ಪುಟ್ಟಿ ಬಂದು ತುಂಡನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಮೊದಲು ಬಂದದ್ದು ಬೇರೇನೋ. ಇಲ್ಲದ ಮೆಟ್ಟಿಲನ್ನು ಇದೆಯೆಂದು ನಂಬಿ ಕಾಲಿಟ್ಟವರ ಮುಖ.

“ಹಾಗಾದ್ರೆ ನಾನು ಯಾರನ್ನ ನಂಬಿ ಎದ್ದು ಬಂದೆ ಮಾಮ?”

ಬಾಯಿ ತೆರೆದರೆ ಇನ್ನೊಂದು ಕಥೆ ಬಂದೀತೆಂದು ಹೆದರಿ ಮಾಮ ಬಾಯಿ ಮುಚ್ಚಿಕೊಂಡೇ ನಿಂತ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಪುಟ್ಟಿ ಬಾಗಿಲಲ್ಲಿದ್ದಳು. ನಿದ್ದೆ ಇಲ್ಲದ ಕಣ್ಣು. ತುಂಡನ್ನು ಮೇಜಿನ ಮೇಲಿಟ್ಟಳು.

“ಫ್ರೇಮ್ ಹಾಕು.”

“ಫೋಟೋಕ್ಕೆ ಸೇರಿಸಿ…”

“ಸೇರಿಸೋದು ಬೇಡ. ಕೊಯ್ದದ್ದು ಕೊಯ್ದ ಹಾಗೇ ಇರ್ಲಿ. ಬೇರೆ ಫ್ರೇಮು, ಪಕ್ಕದಲ್ಲಿ ಹಾಕ್ತೀನಿ. ಅಳತೆ ಸರಿಯಾಗಿ ತಗೋ.”

“ಒಳಗಂಚಿಗೆ ತಗೋತೀನಿ” ಎಂದ ಮಾಮ. ಅವಳು ನಗಲಿಲ್ಲ.

“ಇನ್ನು ಏಳು ದಿನ ಉಳಿದಿದೆ. ದಿನಾ ಬಂದು ಅದರ ಪಕ್ಕ ನಿಂತ್ಕೋ. ಕೇಳಿದೋರಿಗೆಲ್ಲ ಹೇಳು. ಕಥೆ ಬೇಡ, ನಡೆದಿದ್ದು ಹೇಳು. ಚಪ್ಪಾಳೆ ತಟ್ಟಿದ್ರೆ ಮತ್ತೆ ಹೇಳು, ತಟ್ಟೋದು ನಿಲ್ಲಿಸೋತನಕ.”

ಹೀಗೆ ಆ ಬೋರ್ಡು ಹಾಕಿದ್ದ ಫ್ರೇಮ್ ಮಾಮ ಏಳು ದಿನ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಜಗತ್ತಿನಲ್ಲೇ ಅತಿ ಸಣ್ಣದೆನ್ನಬಹುದಾದ ಫ್ರೇಮಿನ ಪಕ್ಕ ಕಾವಲುಗಾರನಂತೆ ನಿಂತ. ಗಡಿಯಾರ ರಿಪೇರಿಯವನೂ ಬಂದು ಕೇಳಿಸಿಕೊಂಡು, ಬೋರ್ಡಿನ ಬಗ್ಗೆ ಏನೂ ಹೇಳದೆ ಹೋದ. ಅಕ್ಕ ದಿನಾ ಬಂದಳು, ತುಂಡಿನ ಮುಂದೆ ಕುರ್ಚಿ ಹಾಕಿಸಿ ಕೂತಳು, ತಮ್ಮನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಫ್ಲಾಸ್ಕಿನಿಂದ ಒಂದು ಲೋಟ ಚಹಾ ಬಗ್ಗಿಸಿ ಅವನ ಕಡೆ ತಳ್ಳಿದಳು.

ಕೊನೆಯ ದಿನ ಮಧ್ಯಾಹ್ನ ಒಬ್ಬ ವಯಸ್ಸಾದ ಹೆಂಗಸು ಬಂದಳು. ಕೈಚೀಲ ಎದೆಗೊತ್ತಿಕೊಂಡು ಪೂರಾ ಕೇಳಿದಳು. ಅಳತೆ, ಬ್ಲೇಡು, ತೇವ, ಕಂದು ಕಾಗದ. ಕೇಳಿ ಮುಗಿದ ಮೇಲೆ ಉಳಿದವರು ಯಾರೂ ಕೇಳದ್ದನ್ನು ಕೇಳಿದಳು.

“ಅಲ್ಲಪ್ಪ, ನಿಮ್ಮ ತಾಯಿಗೆ ಕೊನೆಗಾದ್ರೂ ತೋರಿಸಿದ್ರಾ ಇದನ್ನ?”

ಮಾಮನ ನಾಲಗೆಯ ತುದಿಯಲ್ಲಿ ಆ ಕ್ಷಣಕ್ಕೆ ಒಂದಲ್ಲ, ಮೂರು ಉತ್ತರ ಸಿದ್ಧವಾಗಿದ್ದವು. ಆಸ್ಪತ್ರೆಯ ಹಾಸಿಗೆ, ಅಮ್ಮನ ಅಂಗೈ, ಅದರ ಮೇಲೆ ಈ ತುಂಡು, ಅವಳ ಒಂದು ನಗು. ಎಂಥ ಚೆಂದದ ಕಥೆ! ಆ ಹೆಂಗಸಿಗೆ ನೆಮ್ಮದಿ, ಪಕ್ಕದಲ್ಲಿ ಕೂತ ಅಕ್ಕನಿಗೂ ನೆಮ್ಮದಿ ಆಗುತ್ತಿತ್ತೇನೋ. ಗ್ಯಾಲರಿಯ ಆ ತುದಿಯಲ್ಲಿ ಚಿತ್ರಗಳ ಪಟ್ಟಿ ನೋಡುತ್ತ ನಿಂತಿದ್ದ ಪುಟ್ಟಿ ತಲೆ ಎತ್ತಿದಳು.

“ಇಲ್ಲಮ್ಮ” ಎಂದ ಮಾಮ. “ತೋರಿಸಲಿಲ್ಲ.”